ಹಳೆಯ ಕ್ಷೌರದ ಕತ್ತಿ ಕೊಳ್ಳುವಾಗ ಹೊಳಪು ಬಿಡಿ, ಬೆನ್ನು ನೋಡಿ

ಮುಂಬಯಿಯ ಚೋರ್ ಬಜಾರ್‌ನಲ್ಲಿ ನಾನು ಕೊಂಡ ಮೊದಲ ಕ್ಷೌರದ ಕತ್ತಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. 'ಅಂಗ್ರೇಜೋಂ ಕೇ ಜಮಾನೇ ಕಾ ಹೈ ಸಾಬ್', ಬ್ರಿಟಿಷರ ಕಾಲದ್ದು ಅಂದ ಮಾರುವವ. ಅದು ಸುಳ್ಳೇನೂ ಆಗಿರಲಿಲ್ಲ. ಡೊಂಬಿವಲಿಯ ಮನೆಗೆ ತಂದು ವಾರಗಟ್ಟಲೆ ಕಲ್ಲಿನ ಮೇಲೆ ಮಸೆದೆ. ಹರಿತ ಬರುತ್ತಿತ್ತು, ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಹೋಗುತ್ತಿತ್ತು. ಕೊನೆಗೆ ಅದನ್ನು ಮಾಟುಂಗದಲ್ಲಿ 40 ವರ್ಷ ಸಲೂನ್ ನಡೆಸಿದ, ನಮ್ಮ ಕುಂದಾಪುರ ಕಡೆಯ ಹಿರಿಯರೊಬ್ಬರ ಕೈಗೆ ಕೊಟ್ಟೆ. ಅವರನ್ನು ನಾನು ಮಾವ ಎಂದೇ ಕರೆಯುವುದು. ಅವರು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿದರು ಅಷ್ಟೇ. 'ಹೊಳಪು ಕಾಂಬುದಲ್ಲ ಮಾರಾಯ, ಬೆನ್ನ್ ಕಾಣ್' ಅಂದರು.

ಯಾರೋ ಅದನ್ನು ಮೋಟಾರಿನ ಪಾಲಿಶ್ ಚಕ್ರಕ್ಕೆ ಹಿಡಿದು ಹೊಳೆಯಿಸಿದ್ದರು. ಆ ಬಿಸಿಗೆ ತೆಳ್ಳಗಿನ ಅಂಚು ಹದ, ಅಂದರೆ ಉಕ್ಕಿನ ಗಡಸು, ಕಳೆದುಕೊಂಡಿತ್ತು. ಹದ ಹೋದ ಉಕ್ಕನ್ನು ಎಷ್ಟು ಮಸೆದರೂ ಪ್ರಯೋಜನವಿಲ್ಲ.

ಈಗ ಹಳೆಯ ಕತ್ತಿಯಲ್ಲಿ ಗಡ್ಡ ತೆಗೆಯುವ ಆಸೆ ಹುಡುಗರಲ್ಲಿ ಮತ್ತೆ ಹುಟ್ಟಿದೆ. ಮೊನ್ನೆ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ಮುಗಿದ ಮೇಲೆ ಇಬ್ಬರು ಇದನ್ನೇ ಕೇಳಿದರು: 'ಅಣ್ಣಾ, ಮೊದಲನೇದು ಯಾವುದು ತಗೊಳ್ಳೋದು?' ಅವರಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಯಾವ ಕತ್ತಿಯ ಮಾತು ಇದು

ಇವತ್ತು ಸಲೂನಿನಲ್ಲಿ ಕಾಣುವುದು ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಕತ್ತಿ. ಎಚ್‌ಐವಿಯ ಭಯ ಬಂದ ಮೇಲೆ ಎಲ್ಲರೂ ಅದಕ್ಕೆ ಬದಲಾದರು, ಅದು ಒಳ್ಳೆಯದೇ ಆಯಿತು. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನದು. ಒಂದೇ ಉಕ್ಕಿನ ಅಲಗು, ಹಿಡಿಯೊಳಗೆ ಮಡಚಿಕೊಳ್ಳುತ್ತದೆ, ಮಸೆದು ಮಸೆದು ತಲೆಮಾರುಗಟ್ಟಲೆ ಬಳಸಬಹುದು. ಹಿಂದಿಯಲ್ಲಿ ಉಸ್ತರಾ, ಮರಾಠಿಯಲ್ಲಿ ವಸ್ತರಾ. ಬಜಾರಿನಲ್ಲಿ ಈ ಎರಡು ಹೆಸರು ಹೇಳಿ ಕೇಳಿ, 'ರೇಜರ್' ಅಂದರೆ ಪ್ಲಾಸ್ಟಿಕ್ಕಿನದನ್ನು ತೋರಿಸುತ್ತಾರೆ.

ಭಾಗಗಳ ಹೆಸರು ಗೊತ್ತಿದ್ದರೆ ಮುಂದಿನದು ಸುಲಭ. ಅಲಗಿನ ದಪ್ಪ ಮೇಲ್ಭಾಗ ಬೆನ್ನು. ಕತ್ತರಿಸುವ ಗೆರೆ ಅಂಚು. ಅಂಚಿನ ಹಿಡಿ ಕಡೆಯ ತುದಿ ಹಿಮ್ಮಡಿ, ಇನ್ನೊಂದು ತುದಿ ಮೂತಿ. ಅಲಗಿಗೂ ಹಿಡಿಗೂ ನಡುವಿನ, ತಯಾರಕರ ಹೆಸರು ಒತ್ತಿರುವ ಭಾಗ ಕುತ್ತಿಗೆ. ಅದರ ಹಿಂದೆ ಕಿರುಬೆರಳು ಇಡುವ ಬಾಲ.

ಅಳತೆ ಮತ್ತು ಆಕಾರ

ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗದಲ್ಲಿ ಹೇಳುತ್ತಾರೆ. 5/8 ಅಂದರೆ ಸುಮಾರು 16 ಮಿಲಿಮೀಟರ್, 6/8 ಅಂದರೆ 19. ಹೊಸಬರಿಗೆ ಇವೆರಡರಲ್ಲಿ ಒಂದು ಸಾಕು. 4/8 ಆದರೆ ನೊರೆ ಹಿಡಿಯಲು ಜಾಗ ಸಾಲದು, 8/8 ಮೂಗಿನ ಕೆಳಗೆ ತಿರುಗುವುದಿಲ್ಲ.

ಅಡ್ಡಲಾಗಿ ಸೀಳಿ ನೋಡಿದರೆ ತೀರಾ ಹಳೆಯ ಕತ್ತಿಗಳು ಬೆಣೆಯ ಹಾಗೆ ಇರುತ್ತವೆ, ಬೆನ್ನಿನಿಂದ ಅಂಚಿನವರೆಗೆ ನೇರ ಇಳಿಜಾರು. ಆಮೇಲಿನವುಗಳಲ್ಲಿ ಎರಡೂ ಪಕ್ಕ ಒಳಕ್ಕೆ ಕೊರೆದಿರುತ್ತದೆ. ಇದನ್ನು ಹಾಲೋ ಗ್ರೈಂಡ್ ಅನ್ನುತ್ತಾರೆ. ಇದರಲ್ಲಿ ಕಲ್ಲಿಗೆ ತಾಗುವ ಉಕ್ಕು ಕಡಿಮೆ, ಹಾಗಾಗಿ ಮಸೆಯುವುದು ಸುಲಭ. ಬೆಣೆ ಕತ್ತಿ ನೋಡಲು ಗಂಭೀರವಾಗಿದೆ, ನನಗೂ ಇಷ್ಟ, ಆದರೆ ಮೊದಲನೆಯದಾಗಿ ಬೇಡ. ಮೂತಿ ದುಂಡಗಿರಲಿ. ಚೌಕ ಮೂತಿಯ ಚೂಪು ಮೂಲೆ ಕಿವಿಯ ಹತ್ತಿರ ಗೀರುತ್ತದೆ.

ಬಜಾರಿಗೆ ಹೋಗುವ ದಿನ

ಚೋರ್ ಬಜಾರ್‌ನ ಮಟನ್ ಸ್ಟ್ರೀಟಿನಲ್ಲಿ ಹಳೆ ಸಾಮಾನಿನ ಅಂಗಡಿಗಳು ಸಾಲಾಗಿವೆ. ಶುಕ್ರವಾರ ಅವು ಮುಚ್ಚಿರುತ್ತವೆ, ಬದಲಿಗೆ ಬೀದಿಯಲ್ಲೇ ಬಟ್ಟೆ ಹಾಸಿ ಮಾರುವವರು ಬೆಳಕು ಹರಿಯುವ ಮೊದಲೇ ಕೂತಿರುತ್ತಾರೆ. ಅಂಗಡಿಯಲ್ಲಿ ಸಮಾಧಾನವಾಗಿ ನೋಡಬಹುದು, ಬೆಲೆ ಜಾಸ್ತಿ. ಬೀದಿಯಲ್ಲಿ ಬೆಲೆ ಕಡಿಮೆ, ಬೆಳಕೂ ಕಡಿಮೆ. ಮೊದಲ ಸಲ ಹೋಗುವವರು ಶುಕ್ರವಾರ ಬಿಟ್ಟು ಬೇರೆ ದಿನ ಹೋಗಿ ಅಂಗಡಿಗಳಲ್ಲಿ ಹತ್ತಾರು ಕತ್ತಿ ಕೈಯಲ್ಲಿ ಹಿಡಿದು ನೋಡಿ, ಏನೂ ಕೊಳ್ಳದೆ ವಾಪಸ್ ಬನ್ನಿ. ಕಣ್ಣು ಪಳಗಲು ಇದು ಬೇಕೇ ಬೇಕು. ಸೆಂಟ್ರಲ್ ಲೈನಿನವರು ಸ್ಲೋ ಲೋಕಲ್ ಹಿಡಿದು ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿಯಿರಿ, ವೆಸ್ಟರ್ನ್ ಲೈನಿನವರಿಗೆ ಗ್ರಾಂಟ್ ರೋಡ್ ಹತ್ತಿರ. ಪುಣೆಯಲ್ಲಿರುವವರಿಗೆ ಬುಧವಾರ ಮತ್ತು ಭಾನುವಾರದ ಜುನಾ ಬಜಾರ್ ಇದೆ.

ಜೇಬಿನಲ್ಲಿ ಇವಿಷ್ಟು ಇರಲಿ: ಸಣ್ಣ ಟಾರ್ಚ್, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ 10 ಪಟ್ಟಿನ ಭೂತಗನ್ನಡಿ, ಹತ್ತಿ, ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಬಾಟಲಿ, ಮತ್ತು ದಪ್ಪ, ಅಗಲ ಅಳೆಯಲು ಪ್ಲಾಸ್ಟಿಕ್ಕಿನ ವರ್ನಿಯರ್ ಕ್ಯಾಲಿಪರ್. ಎಲ್ಲ ಸೇರಿ ಒಂದು ಕನ್ನಡಕದ ಡಬ್ಬಿಯಲ್ಲಿ ಹಿಡಿಯುತ್ತವೆ.

ಕತ್ತಿ ಕೈಗೆ ಬಂದಾಗ

ಅಂಚಿನ ಮೇಲೆ ಬೆರಳು ಎಳೆದು ನೋಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮಾರುವವರು ಪೇಪರ್ ಕತ್ತರಿಸಿ ತೋರಿಸಲು ಬಂದರೂ ಬೇಡ ಅನ್ನಿ. ಅದರಿಂದ ಗೊತ್ತಾಗುವುದು ಏನೂ ಇಲ್ಲ. ಹರಿತವನ್ನು ಆಮೇಲೆ ತರಬಹುದು. ಈಗ ನೋಡಬೇಕಾದ್ದು ಕಲ್ಲಿನಿಂದ ಸರಿಮಾಡಲು ಆಗದ ದೋಷಗಳನ್ನು.

ಬೆನ್ನಿನಿಂದ ಶುರು ಮಾಡಿ. ಮಸೆಯುವಾಗ ಕತ್ತಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸುತ್ತಾರೆ. ಬೆನ್ನೂ ಅಂಚೂ ಎರಡೂ ಕಲ್ಲಿಗೆ ತಾಗಿರಬೇಕು. ಹಾಗಾಗಿ ಕೋನವನ್ನು ಕೈ ಅಂದಾಜಿನಿಂದ ಹಿಡಿಯಬೇಕಾಗಿಲ್ಲ, ಬೆನ್ನಿನ ದಪ್ಪವೇ ಅದನ್ನು ನಿರ್ಧರಿಸುತ್ತದೆ. ಇದೇ ಈ ಕತ್ತಿಯ ಜಾಣತನ, ಮತ್ತು ಇದರ ದೌರ್ಬಲ್ಯವೂ ಹೌದು. ಪ್ರತಿ ಮಸೆತಕ್ಕೂ ಬೆನ್ನು ಚೂರು ಸವೆಯುತ್ತದೆ. ಬೆನ್ನಿನ ಎರಡೂ ಪಕ್ಕ ಚಪ್ಪಟೆಯಾದ ಹೊಳೆಯುವ ಪಟ್ಟಿ ಕಾಣುತ್ತದಲ್ಲ, ಅದೇ ಸವೆತ. ಒಂದು ಮಿಲಿಮೀಟರ್ ಅಗಲದ್ದು, ಹಿಮ್ಮಡಿಯಿಂದ ಮೂತಿಯವರೆಗೆ ಒಂದೇ ಸಮ ಇದ್ದರೆ ಸಂತೋಷ. ಅಂಥ ಕತ್ತಿಯನ್ನು ತಿಳಿದವರು ಬಳಸಿದ್ದಾರೆ. ಒಂದು ತುದಿಯಲ್ಲಿ ಒಂದು, ಇನ್ನೊಂದು ತುದಿಯಲ್ಲಿ ಮೂರು ಮಿಲಿಮೀಟರ್ ಇದ್ದರೆ ಯಾರೋ ಓರೆಯಾಗಿ ಒತ್ತಿ ಮಸೆದಿದ್ದಾರೆ. ಕೆಳಗಿಡಿ.

ಅನುಮಾನ ಉಳಿದರೆ ವರ್ನಿಯರ್ ತೆಗೆಯಿರಿ. ಬೆನ್ನಿನ ದಪ್ಪ ಅಳೆದು ಅದನ್ನು ಅಲಗಿನ ಅಗಲದಿಂದ ಭಾಗಿಸಿ. ಉತ್ತರ 0.25ರಿಂದ 0.33ರ ನಡುವೆ ಬರಬೇಕು. ಉದಾಹರಣೆಗೆ ದಪ್ಪ 5, ಅಗಲ 18 ಮಿಲಿಮೀಟರ್ ಆದರೆ 0.28 ಬರುತ್ತದೆ. ಅಂದರೆ ಅಂಚಿನ ಕೋನ ಸುಮಾರು 16 ಡಿಗ್ರಿ, ಗಡ್ಡಕ್ಕೆ ಹೇಳಿಮಾಡಿಸಿದ್ದು. ಅನುಪಾತ ಇದಕ್ಕಿಂತ ತೀರಾ ಕಡಿಮೆ ಆದರೆ ಅಂಚು ನಾಜೂಕಾಗಿ ಮುರಿಯುತ್ತದೆ, ಜಾಸ್ತಿ ಆದರೆ ಕೂದಲನ್ನು ಎಳೆಯುತ್ತದೆ. ಮಾವ ಇದನ್ನು ಅಳೆಯುವುದೇ ಇಲ್ಲ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಹೇಳಿಬಿಡುತ್ತಾರೆ. ನಮಗೆ ಆ ಬೆರಳು ಇಲ್ಲ, ವರ್ನಿಯರ್ ಇದೆ.

ಇನ್ನು ಅಂಚಿನ ಗೆರೆ. ಕತ್ತಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ನೇರ ಇದ್ದರೆ ಒಳ್ಳೆಯದು. ನಡುವೆ ಸ್ವಲ್ಪ ಉಬ್ಬಿದ್ದರೂ ಸರಿ, ಅನೇಕ ಹಳೆಯ ಕತ್ತಿಗಳು ಹಾಗೇ ಹುಟ್ಟಿರುತ್ತವೆ. ನಡುವೆ ಒಳಕ್ಕೆ ಬಾಗಿದ್ದರೆ ಬಿಡಿ, ಅದನ್ನು ನೇರ ಮಾಡಲು ಬಹಳಷ್ಟು ಉಕ್ಕು ಕಳೆಯಬೇಕು. ಅಂಗಡಿಯ ಗಾಜಿನ ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದರೆ ತಿರುಚಿದೆಯೋ ಇಲ್ಲವೋ ಕೂಡ ತಿಳಿಯುತ್ತದೆ. ಬೆನ್ನು, ಅಂಚು ಎರಡೂ ಉದ್ದಕ್ಕೂ ಗಾಜಿಗೆ ಕೂರಬೇಕು.

ಅಂಚಿನಲ್ಲಿ ಮುಕ್ಕು ಇದ್ದರೆ ಎಷ್ಟು ಆಳ ನೋಡಿ. ಅರ್ಧ ಮಿಲಿಮೀಟರ್ ಒಳಗಿದ್ದರೆ ಮಸೆಯುವವರು ತೆಗೆಯುತ್ತಾರೆ. ಒಂದು ಮಿಲಿಮೀಟರ್ ಆದರೆ ಬೆಲೆ ಇಳಿಸಬೇಕು. ಎರಡು ದಾಟಿದರೆ ಬೇಡ.

ಎಲ್ಲಕ್ಕಿಂತ ಕೆಟ್ಟದ್ದು ಬಿರುಕು. ಹಾಲೋ ಗ್ರೈಂಡ್ ಅಲಗು ಕಾಗದದಷ್ಟು ತೆಳು, ಒಮ್ಮೆ ನೆಲಕ್ಕೆ ಬಿದ್ದಿದ್ದರೂ ಅಂಚಿನಿಂದ ಮೇಲಕ್ಕೆ ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದು. ಬರಿಗಣ್ಣಿಗೆ ಗೀರು ಇದ್ದ ಹಾಗೆ ಕಾಣುತ್ತದೆ. ಇದಕ್ಕೆ ಮೂರು ಪರೀಕ್ಷೆ. ಮೊದಲು ಹತ್ತಿಯ ಎಳೆಯನ್ನು ಅಂಚಿನ ಉದ್ದಕ್ಕೆ ಮೆಲ್ಲಗೆ ಎಳೆಯಿರಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಭೂತಗನ್ನಡಿ ಹಿಡಿಯಿರಿ. ಆಮೇಲೆ ಒಂದು ಹನಿ ಎಣ್ಣೆ ಸವರಿ, ಪೂರ್ತಿ ಒರೆಸಿ, ಒಂದು ನಿಮಿಷ ಕಾಯಿರಿ. ಗೀರಾದರೆ ಒಣಗಿಯೇ ಇರುತ್ತದೆ, ಬಿರುಕಾದರೆ ಒಳಗೆ ಹೋದ ಎಣ್ಣೆ ಸಣ್ಣ ಗೆರೆಯಾಗಿ ಮತ್ತೆ ಹೊರಬರುತ್ತದೆ. ಕೊನೆಗೆ ಬೆನ್ನು ಹಿಡಿದು ಅಲಗಿನ ಪಕ್ಕಕ್ಕೆ ಉಗುರಿನಿಂದ ಮೀಟಿ. ಗಟ್ಟಿ ಅಲಗು ಸಣ್ಣಗೆ ನಾದ ಕೊಡುತ್ತದೆ, ಬಿರುಕಿದ್ದರೆ ಮಂಕು ಸದ್ದು. ಬಜಾರಿನ ಗಲಾಟೆಯಲ್ಲಿ ಈ ಮೂರನೆಯದು ಕಷ್ಟ, ಮೊದಲೆರಡನ್ನೇ ನಂಬಿ. ಬಿರುಕಿಗೆ ಮದ್ದಿಲ್ಲ. ಹೆಸರು ಎಷ್ಟೇ ದೊಡ್ಡದಿರಲಿ, ಅದು ಮುಖದ ಮೇಲೆ ಇಡುವ ವಸ್ತು ಅಲ್ಲ.

ತುಕ್ಕಿನ ವಿಷಯದಲ್ಲಿ ಹೊಸಬರು ಸುಮ್ನೆ ಹೆದರುತ್ತಾರೆ. ಕೆಂಪು ಪುಡಿಯಂಥ ಮೇಲ್ತುಕ್ಕು ಎಣ್ಣೆ ಮತ್ತು ಪಾಲಿಶಿಗೆ ಹೋಗುತ್ತದೆ. ಬೂದು, ನೀಲಿ ಕಲೆಗಳು ಹಳೆಯ ಉಕ್ಕಿನ ಸಹಜ ಬಣ್ಣ, ಇರಲಿ ಬಿಡಿ. ನೋಡಬೇಕಾದ್ದು ಕಪ್ಪು ಗುಳಿಗಳನ್ನು. ಬೆನ್ನಿನ ಹತ್ತಿರ ಗುಳಿ ಇದ್ದರೆ ಅಡ್ಡಿ ಇಲ್ಲ. ಅಂಚಿನಿಂದ ಎರಡು ಮೂರು ಮಿಲಿಮೀಟರ್ ಒಳಗಿದ್ದರೆ ಮಸೆದಾಗ ಆ ಗುಳಿಯೇ ಅಂಚಿಗೆ ಬರುತ್ತದೆ, ಅಲ್ಲಿ ಸಣ್ಣ ಸಣ್ಣದಾಗಿ ಉದುರುತ್ತಲೇ ಇರುತ್ತದೆ.

ಮತ್ತೆ ನನ್ನ ಮೊದಲ ತಪ್ಪಿಗೆ ಬರುತ್ತೇನೆ. ಕನ್ನಡಿ ಹೊಳಪಿನ ಕತ್ತಿ ಕಂಡರೆ ಕುತ್ತಿಗೆಯ ಅಕ್ಷರ ನೋಡಿ. ಒತ್ತಿದ ಅಕ್ಷರಗಳ ಅಂಚು ಕರಗಿದ ಬೆಲ್ಲದ ಹಾಗೆ ಮಸುಕಾಗಿದ್ದರೆ ಚಕ್ರಕ್ಕೆ ಹಿಡಿದದ್ದು ಖಚಿತ. ಅಂಚಿನ ಬಳಿ ಕಂದು ಅಥವಾ ಕಾಮನಬಿಲ್ಲಿನ ಬಣ್ಣದ ಛಾಯೆ ಇದ್ದರೆ ಸುಟ್ಟಿದೆ ಎಂದೇ ಅರ್ಥ. ಕೊಳೆ ಹಿಡಿದ, ಯಾರೂ ಮುಟ್ಟದ ಕತ್ತಿ ಅದಕ್ಕಿಂತ ಎಷ್ಟೋ ಮೇಲು.

ಕುತ್ತಿಗೆಯ ಮೇಲಿನ ಹೆಸರು

ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್, ಫ್ರಾನ್ಸಿನ ತಿಯೇರ್, ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ ಈ ಕತ್ತಿಗಳ ಊರುಗಳು. ನಮ್ಮಲ್ಲಿ ಜಾಸ್ತಿ ಸಿಗುವುದು ಮೊದಲೆರಡು. ನಕ್ಷತ್ರ ಮತ್ತು ಶಿಲುಬೆಯ ಗುರುತು ಇದ್ದರೆ ಶೆಫೀಲ್ಡಿನ ಜೋಸೆಫ್ ರಾಜರ್ಸ್. ಅವಳಿ ಮನುಷ್ಯರ ಚಿತ್ರ ಜೋಲಿಂಗೆನ್ನಿನ ಹೆಂಕೆಲ್ಸ್, ಮರದ ಚಿತ್ರ ಬೋಕರ್. ವೇಡ್ ಅಂಡ್ ಬುಚರ್, ವೋಸ್ಟನ್‌ಹೋಮ್ ಕೂಡ ಒಳ್ಳೆಯ ಹೆಸರುಗಳೇ.

ಕಾಲ ಊಹಿಸಲು ಒಂದು ಸುಲಭ ಕೊಂಡಿ ಇದೆ. ಅಮೆರಿಕದ 1890ರ ಮ್ಯಾಕಿನ್ಲಿ ಸುಂಕದ ಕಾನೂನು ಅಲ್ಲಿಗೆ ಬರುವ ಸಾಮಾನಿನ ಮೇಲೆ ದೇಶದ ಹೆಸರು ಕಡ್ಡಾಯ ಮಾಡಿತು. ಆದ್ದರಿಂದ 'ಇಂಗ್ಲೆಂಡ್' ಅಥವಾ 'ಜರ್ಮನಿ' ಎಂದು ಒತ್ತಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಕಿರೀಟದ ಜೊತೆ ವಿ ಮತ್ತು ಆರ್ ಅಕ್ಷರ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. 'ಜೋಲಿಂಗೆನ್' ಹೆಸರಿಗೆ 1938ರಿಂದ ಜರ್ಮನಿಯಲ್ಲಿ ಕಾನೂನಿನ ರಕ್ಷಣೆಯಿದೆ. ಆದರೆ ನಮ್ಮ ಬೀದಿಗಳಲ್ಲಿ ಆ ಹೆಸರು ಹಾಕಿದ ನಕಲಿಗಳೂ ಬರುತ್ತವೆ. ನಕಲಿಯಲ್ಲಿ ಅಕ್ಷರ ಉಕ್ಕಿನೊಳಕ್ಕೆ ಒತ್ತಿರುವುದಿಲ್ಲ, ಮೇಲೆ ಮೇಲೆ ಕೆತ್ತಿದಂತೆ ಇರುತ್ತದೆ. ಬೆನ್ನು ಡೊಂಕು, ಅಲಗು ಒರಟು.

ಕೆಲವು ಶೆಫೀಲ್ಡ್ ಕತ್ತಿಗಳ ಮೇಲೆ 'ಸಿಲ್ವರ್ ಸ್ಟೀಲ್' ಎಂದಿರುತ್ತದೆ. ಬೆಳ್ಳಿ ಇದೆ ಎಂದು ಜಾಸ್ತಿ ಕೊಡಬೇಡಿ, ಅದು ಹೆಚ್ಚಾಗಿ ವ್ಯಾಪಾರದ ಹೆಸರು. ಇದರ ಹಿಂದೆ ನಮಗೆ ಹತ್ತಿರದ ಒಂದು ಕಥೆ ಇದೆ. ವಿಜ್ಞಾನಿ ಮೈಕೆಲ್ ಫ್ಯಾರಡೆ ಮತ್ತು ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ 1820ರ ಆಸುಪಾಸಿನಲ್ಲಿ ಉಕ್ಕಿಗೆ ಚೂರು ಬೆಳ್ಳಿ ಬೆರೆಸಿ ನೋಡಿದರು. ಅವರು ಈ ಕೆಲಸಕ್ಕೆ ಇಳಿದದ್ದು ದಕ್ಷಿಣ ಭಾರತದ ಊಟ್ಸ್ ಉಕ್ಕಿನ ಗುಟ್ಟು ತಿಳಿಯುವ ಆಸೆಯಿಂದ. ಊಟ್ಸ್ ಎಂಬ ಹೆಸರು ಬಂದದ್ದು ನಮ್ಮ 'ಉಕ್ಕು' ಪದದಿಂದಲೇ ಎಂದು ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ. ಶೆಫೀಲ್ಡಿನ ಕತ್ತಿ ಹಿಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹಿಡಿ

ಹಿಡಿ ಮುರಿದಿದ್ದರೆ ಬದಲಿಸಬಹುದು, ಬೆಲೆ ಇಳಿಸಿಕೊಳ್ಳಲು ಅದೊಂದು ಕಾರಣ. ಎಮ್ಮೆ ಕೊಂಬಿನದು, ಮರದ್ದು ತೊಂದರೆ ಇಲ್ಲ. ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಹಿಡಿಯ ಬಗ್ಗೆ ಮಾತ್ರ ಎಚ್ಚರ. ಅದನ್ನು ಕರ್ಪೂರ ಸೇರಿಸಿ ಮಾಡುತ್ತಾರೆ, ಬೆರಳಿನಿಂದ ಜೋರಾಗಿ ಉಜ್ಜಿದರೆ ದೇವರ ಮನೆಯ ವಾಸನೆ ಬರುತ್ತದೆ. ಆ ವಾಸನೆ ಬಂದರೆ ಚಿಂತೆಯಿಲ್ಲ. ಹುಳಿ, ಮೂಗಿಗೆ ಚುಚ್ಚುವ ವಾಸನೆ ಬಂದರೆ ಅದು ಕೊಳೆಯಲು ಶುರುವಾಗಿದೆ. ಅದರಿಂದ ಹೊರಡುವ ಆಮ್ಲ ಅಲಗನ್ನು ತಿನ್ನುತ್ತದೆ. ಹಿಡಿಯೊಳಗೆ ಮುಚ್ಚಿಕೊಳ್ಳುವ ಭಾಗಕ್ಕೆ ಮಾತ್ರ ತುಕ್ಕು ಹಿಡಿದಿದ್ದರೆ ಇದೇ ಕಾರಣ. ಪಕ್ಕದಲ್ಲಿಟ್ಟ ಬೇರೆ ಕತ್ತಿಗಳನ್ನೂ ಹಾಳು ಮಾಡುತ್ತದೆ, ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಮನೆಗೆ ತರಬೇಡಿ.

ದಂತದ ಹಿಡಿ ಅಂದರೆ ಮುಟ್ಟಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ಮುಂದಿನ ತಿದ್ದುಪಡಿಗಳ ಪ್ರಕಾರ ಆನೆದಂತದ ವ್ಯಾಪಾರ ನಮ್ಮಲ್ಲಿ ಅಪರಾಧ. ವಸ್ತು ಹಳೆಯದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಆಮೆಚಿಪ್ಪಿನದ್ದೂ ಬೇಡ. ಮಾರುವವರು ಎಲುಬು ಅಂದರೂ ನಿಮಗೆ ಅನುಮಾನ ಇದ್ದರೆ ಬಿಟ್ಟು ಬನ್ನಿ.

ಕತ್ತಿ ಮುಚ್ಚಿದಾಗ ಅಲಗು ಹಿಡಿಯ ನಡುವೆ ಕೂರಬೇಕು. ಪಕ್ಕಕ್ಕೆ ತಾಗಿದರೆ ಅಂಚು ಮುಕ್ಕಾಗುತ್ತದೆ. ಅಲಗನ್ನು ಹಿಡಿಗೆ ಕೂಡಿಸುವ ಮೊಳೆ, ಅಂದರೆ ರಿವೆಟ್, ಸಡಿಲ ಇದ್ದರೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಬಿಗಿ ಮಾಡಬಹುದು.

ಬೆಲೆ

ಕತ್ತಿಗೆ ಕೊಡುವ ದುಡ್ಡೇ ಪೂರ್ತಿ ಖರ್ಚಲ್ಲ. ಮಸೆಯಿಸಬೇಕು, ಅಂಚು ತೀಡುವ ಚರ್ಮದ ಪಟ್ಟಿ, ಅಂದರೆ ಸ್ಟ್ರಾಪ್, ಬೇಕು. ನಿಮ್ಮ ಹತ್ತಿರ ಇರುವ ಹಣದಲ್ಲಿ ಅರ್ಧಕ್ಕಿಂತ ಕಡಿಮೆಯದನ್ನೇ ಕತ್ತಿಗೆ ಇಡಿ. ಬಜಾರಿನಲ್ಲಿ ಮೊದಲು ಹೇಳುವ ಬೆಲೆ ಮಾತು ಶುರು ಮಾಡಲು ಅಷ್ಟೇ. ಮುಕ್ಕು, ಗುಳಿ, ಸಡಿಲ ರಿವೆಟ್ ಒಂದೊಂದಾಗಿ ತೋರಿಸಿ, ಗೌರವದಿಂದ ಕೇಳಿ. ದಿನವಿಡೀ ಬಿಸಿಲಲ್ಲಿ ಕೂರುವವರು ಅವರು. ಕೆಟ್ಟ ಕತ್ತಿಯನ್ನು ಅಗ್ಗ ಎಂದು ಮಾತ್ರ ಕೊಳ್ಳಬೇಡಿ. ಮೂರು ಅಗ್ಗದ ಕತ್ತಿಯ ದುಡ್ಡಿಗೆ ಒಂದು ಒಳ್ಳೆಯದು ಬರುತ್ತಿತ್ತು ಅಂತ ಆಮೇಲೆ ಅನಿಸುತ್ತದೆ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಬೆನ್ನಿನ ಮೇಲಿನಿಂದ, ಅಂಚಿನ ನೇರಕ್ಕೆ, ಎರಡೂ ಪಕ್ಕದಿಂದ ತೆಗೆದ ಫೋಟೋ ಕೇಳಿ. ಕೊಡದವರಿಂದ ಬೇಡ. ಮಸೆದು ಸಿದ್ಧ ಮಾಡಿದ ಕತ್ತಿ ಎಂದರೆ ಯಾರು, ಯಾವ ಕಲ್ಲಿನಲ್ಲಿ ಮಸೆದರು ಎಂದು ವಿಚಾರಿಸಿ. ನಿಜವಾಗಿ ಮಸೆದವರು ಉತ್ಸಾಹದಿಂದ ಹೇಳುತ್ತಾರೆ.

ವಾಪಸ್ ಬರುವಾಗ ಕತ್ತಿಗೆ ರಬ್ಬರ್ ಬ್ಯಾಂಡ್ ಹಾಕಿ, ಬಟ್ಟೆ ಸುತ್ತಿ, ಚೀಲದ ತಳದಲ್ಲಿಡಿ. ಮೆಟ್ರೋ ತಪಾಸಣೆಯಲ್ಲಿ ಬಿಡಲಿಕ್ಕಿಲ್ಲ. ವಿಮಾನದಲ್ಲಿ ಊರಿಗೆ ಒಯ್ಯುವವರು ಚೆಕ್-ಇನ್ ಬ್ಯಾಗಿನಲ್ಲೇ ಹಾಕಬೇಕು.

ಮನೆಗೆ ತಂದ ಮೇಲೆ

ಯಾರ ಯಾರ ಮುಖ ಕಂಡ ಕತ್ತಿಯೋ ಗೊತ್ತಿಲ್ಲ, ಮೊದಲು ಶುದ್ಧಿ. ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಶ್, ಬೆಚ್ಚಗಿನ ನೀರು. ಒರೆಸಿ ಒಣಗಿಸಿ, ಅಲಗಿಗೆಲ್ಲ ಸರ್ಜಿಕಲ್ ಸ್ಪಿರಿಟ್ ಹಚ್ಚಿ ತಾನಾಗಿ ಆರಲು ಬಿಡಿ. ಸೆಲ್ಯುಲಾಯ್ಡ್ ಹಿಡಿಗೆ ಸ್ಪಿರಿಟ್ ತಾಗಿಸಬೇಡಿ, ಕರಗುತ್ತದೆ. ಕುದಿಸಲೂ ಬೇಡಿ. ಕಲೆಗೆ ಲೋಹ ಪಾಲಿಶ್ ಮಾಡುವ ಬ್ರಾಸೋ ಹಚ್ಚಿ ಬಟ್ಟೆಯಲ್ಲಿ ಬೆನ್ನಿನಿಂದ ಅಂಚಿನ ಕಡೆಗೆ ಮಾತ್ರ ಉಜ್ಜಿ, ಎಂದೂ ತಿರುಗಿ ಅಂಚಿನಿಂದ ಬೆನ್ನಿಗೆ ಬರಬೇಡಿ. ಹೊಳಪಿನ ಆಸೆಗೆ ಚಕ್ರದ ಹತ್ತಿರ ಹೋಗಬೇಡಿ, ಸೈಕಲ್ ಮೇಲೆ ಬರುವ ಸಾಣೆಯವರಿಗೂ ಕೊಡಬೇಡಿ. ಅವರ ಚಕ್ರ ಅಡುಗೆ ಕತ್ತಿಗೆ ಸರಿ. ಇದಕ್ಕಲ್ಲ.

ಮೊದಲ ಮಸೆತ ತಿಳಿದವರಿಂದಲೇ ಆಗಲಿ. ಹರಿತವಾದ ಕತ್ತಿ ಹೇಗಿರುತ್ತದೆ ಎಂದು ಮುಖಕ್ಕೆ ಗೊತ್ತಾಗದೆ ನೀವು ಮಸೆದದ್ದು ಸರಿಯೋ ತಪ್ಪೋ ತಿಳಿಯುವುದಿಲ್ಲ. ನಾನು ಆ ಅನುಭವ ಇಲ್ಲದೆ ಕಲ್ಲು ಹಿಡಿದು ತಿಂಗಳುಗಳನ್ನು ಕಳೆದುಕೊಂಡೆ. ಮುಂದೆ ಕಲಿಯುವ ಆಸೆ ಇದ್ದರೆ 1000, 4000, 8000, 12000 ಗ್ರಿಟ್ಟಿನ ನೀರುಕಲ್ಲುಗಳು (ನೀರು ಹಾಕಿ ಮಸೆಯುವ ಕಲ್ಲುಗಳು) ಸಾಕು, ಗ್ರಿಟ್ ಸಂಖ್ಯೆ ಏರಿದಷ್ಟೂ ಕಲ್ಲು ನಯ. ಒತ್ತಡ ಬೇಡ, ಕತ್ತಿಯ ಭಾರವೇ ಬಹುಪಾಲು ಕೆಲಸ ಮಾಡುತ್ತದೆ.

ಪ್ರತಿ ಸಲ ಗಡ್ಡ ತೆಗೆಯುವ ಮೊದಲು ಸ್ಟ್ರಾಪ್. ಬಟ್ಟೆಯ ಮೇಲೆ 25, ಚರ್ಮದ ಮೇಲೆ 50 ಸಲ ಹೋಗಿ ಬರಬೇಕು. ಬೆನ್ನು ಮುಂದೆ, ಅಂಚು ಹಿಂದೆ. ತುದಿ ತಲುಪಿದಾಗ ಬೆನ್ನಿನ ಮೇಲೆ ಹೊರಳಿಸಿ, ಅಂಚಿನ ಮೇಲೆ ಹೊರಳಿಸಿದರೆ ಚರ್ಮ ಸೀಳುತ್ತದೆ. ಎಲ್ಲರೂ ಮೊದಲ ಸ್ಟ್ರಾಪ್ ಸೀಳುತ್ತಾರೆ, ಅದಕ್ಕೇ ಅಗ್ಗದ್ದು ತನ್ನಿ. ಮೊದಲ ವಾರ ಕೆನ್ನೆ ಮಾತ್ರ ಕತ್ತಿಯಲ್ಲಿ ತೆಗೆಯಿರಿ, ಗದ್ದ ಮತ್ತು ಕುತ್ತಿಗೆಗೆ ನಿಮ್ಮ ಹಳೆಯ ರೇಜರ್ ಇರಲಿ.

ಮುಂಬಯಿಯಲ್ಲಿ ಕತ್ತಿಯ ದೊಡ್ಡ ಶತ್ರು ಗಾಳಿ. ಉಪ್ಪಿನ ತೇವ ವರ್ಷವಿಡೀ ಇದೆ, ಮಳೆಗಾಲದಲ್ಲಿ ಒಂದು ರಾತ್ರಿಗೇ ಕೆಂಪು ಚುಕ್ಕೆ ಬರುತ್ತದೆ. ಬಳಸಿದ ಮೇಲೆ ತೊಳೆದು ಒರೆಸಿ, ಬಟ್ಟೆಯ ಸ್ಟ್ರಾಪಿನ ಮೇಲೆ ಹತ್ತು ಸಲ ಆಡಿಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಬಚ್ಚಲುಮನೆಯಲ್ಲಿ ಇಡಬೇಡಿ. ನಾನು ಸ್ಟೀಲ್ ಡಬ್ಬಿಯಲ್ಲಿ ಔಷಧಿ ಬಾಟಲಿಗಳ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬೀರುವಿನಲ್ಲಿ ಇಡುತ್ತೇನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆಗೆದು ಒರೆಸಿ ಮತ್ತೆ ಎಣ್ಣೆ ಹಚ್ಚುತ್ತೇನೆ. ಆ ಮೊದಲ, ಹದ ಹೋದ ಕತ್ತಿಯೂ ಅದೇ ಡಬ್ಬಿಯಲ್ಲಿದೆ. ಹೊಸಬರು ಯಾರಾದರೂ ಮನೆಗೆ ಬಂದರೆ ಅದನ್ನೇ ಕೈಗೆ ಕೊಟ್ಟು ಕುತ್ತಿಗೆಯ ಅಕ್ಷರ ಓದಲು ಹೇಳುತ್ತೇನೆ.